ಪಾರ್ಕಿಂಗಿನಿಂದ ಕಂಡ ಅರಮನೆ

ಎಲ್ಲಕ್ಕೂ ಕಾರಣ, ಮೇಲಿನ ಮನೆಯ ನಿವೃತ್ತ ಹೆಡ್ ಕ್ಲರ್ಕು ಮೆಟ್ಟಿಲಲ್ಲಿ ಅಡ್ಡ ನಿಂತು ಕೇಳಿದ ಒಂದು ಪ್ರಶ್ನೆ.

“ಅಲ್ಲಾ ಡ್ರೈವರ್ ಸಾಹೇಬ್ರೇ, ಅರಮನೆ ಒಳಗೆ ರಾಜನ ಮಂಚ ಬೆಳ್ಳೀದೋ ಮರದ್ದೋ?”

ಡ್ರೈವರಿಗೆ ಗೊತ್ತಿರಲಿಲ್ಲ. ತಲೆ ನರೆಯುವಷ್ಟು ಕಾಲದಿಂದ ಅವನು ರಾಜಧಾನಿ ದರ್ಶನದ ಬಸ್ಸು ಓಡಿಸುತ್ತಿದ್ದ. ಅರಮನೆ, ಗಡಿಯಾರ ಗೋಪುರ, ಹಳೇ ಕೋಟೆ, ಎಲ್ಲದರ ಮುಂದೂ ದಿನಾ ಜನರನ್ನು ಇಳಿಸುತ್ತಿದ್ದ. ಆದರೆ ಅವನು ಬಲ್ಲದ್ದು ಅವುಗಳ ಪಾರ್ಕಿಂಗ್ ಜಾಗ ಮಾತ್ರ. ಕೋಟೆಯ ಮುಂದೆ ನೆರಳು ಎಲ್ಲಿ ಬೀಳುತ್ತದೆ, ಗೋಪುರದ ಹಿಂದೆ ಯಾವ ನಲ್ಲಿಯಲ್ಲಿ ನೀರು ಬರುತ್ತದೆ, ಅರಮನೆಯ ಯಾವ ಕಾವಲುಗಾರ ಸುಮ್ಮಸುಮ್ಮನೆ ಸೀಟಿ ಊದುತ್ತಾನೆ ಎಂದು ಕೇಳಿದ್ದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದ. ಜನ ಒಳಗೆ ಹೋದರೆ ಅವನು ಸೀಟಿಗೆ ಒರಗಿ ಕಣ್ಣು ಮುಚ್ಚುತ್ತಿದ್ದ.

“ಬೆಳ್ಳೀದು,” ಎಂದ, ಧೈರ್ಯ ಮಾಡಿ.

“ಅಂದ್ರೆ ನೋಡಿಲ್ಲ ಅಂತಾಯ್ತು!” ಕ್ಲರ್ಕು ಕೊಡೆಯಿಂದ ನೆಲ ಕುಟ್ಟಿ ನಕ್ಕರು. “ಊರವರಿಗೆಲ್ಲ ತೋರಿಸ್ತೀರಿ, ಕಟ್ಕೊಂಡ ಹೆಂಡತಿಗೆ ತೋರಿಸಿಲ್ಲ. ಚೆನ್ನಾಗಿದೆ ಸಂಸಾರ!”

ಬಾಗಿಲಲ್ಲಿ ಬಕೆಟ್ ಹಿಡಿದು ನಿಂತಿದ್ದ ಹೆಂಡತಿ ಸರಕ್ಕನೆ ಒಳಗೆ ಹೋದಳು. ಅವಳು ಹಾಗೆ ಹೋದದ್ದು ಚಪ್ಪಲಿಯೊಳಗಿನ ಮೊಳೆಯ ಹಾಗೆ ಡ್ರೈವರನ್ನು ಇಡೀ ಸಂಜೆ ಚುಚ್ಚಿತು.

“ನಾಳೆ ಹೊರಡು. ಎಲ್ಲಾ ತೋರಿಸ್ತೀನಿ,” ಎಂದ ಊಟಕ್ಕೆ ಕೂತಾಗ.

“ಈಗ್ಯಾಕೆ ಬಿಡ್ರೀ. ರಜಾ ಹಾಕೋದಾದ್ರೆ ಮನೇಲಿ ಮಲಗಿ.”

ಇಂಥ ದೊಡ್ಡ ಮನಸ್ಸಿನ ಹೆಣ್ಣಿಗೆ ತಾನು ಏನೂ ಮಾಡಲಿಲ್ಲವಲ್ಲ ಎಂದು ಅವನಿಗೆ ಇನ್ನಷ್ಟು ಹಠ ಬಂತು.

ಬೆಳಿಗ್ಗೆ ಮ್ಯಾನೇಜರಿಗೆ ಫೋನು ಮಾಡಿ, “ಹೊಟ್ಟೆನೋವು ಸಾರ್, ಎದ್ದು ನಿಲ್ಲೋಕಾಗ್ತಿಲ್ಲ,” ಎಂದು ನರಳಿದ. ಇಸ್ತ್ರಿ ಅಂಗಿ ಹಾಕಿಕೊಂಡು ಹೆಂಡತಿಯೊಡನೆ ಕೆಳಗಿಳಿದರೆ, ಕ್ಲರ್ಕು ಕೊಡೆ ಸಮೇತ ಸಿದ್ಧರಾಗಿ ನಿಂತಿದ್ದರು.

“ನಾನೂ ಬರ್ತೀನಿ. ತಿಳಿದೋರು ಒಬ್ರಾದ್ರೂ ಜೊತೆಗಿರಬೇಕಲ್ಲ!”

ಕೋಟೆಯಲ್ಲಿ ಡ್ರೈವರು ತನಗೆ ಗೊತ್ತಿದ್ದ ಗೇಟಿನಿಂದ ನುಗ್ಗಿದ. ಅದು ಹೊರಗೆ ಬರುವ ಗೇಟು. ಎದುರಿಗೆ ಬಂದ ಜನಪ್ರವಾಹ ಮೂವರನ್ನೂ ಕಸಕಡ್ಡಿಯ ಹಾಗೆ ತಂದು ಮತ್ತೆ ರಸ್ತೆಗೆ ಹಾಕಿತು. ಮತ್ತೊಂದು ದಾರಿ ಹಿಡಿದು ಗತ್ತಿನಿಂದ ನಡೆಸಿಕೊಂಡು ಹೋದರೆ, ಅದು ನೇರ ಗಂಡಸರ ಶೌಚಾಲಯಕ್ಕೆ ಹೋಗಿ ಮುಟ್ಟಿತು.

“ಯಾವ ರಾಜ ಕಟ್ಟಿಸಿದ್ದು ಇದು?” ಎಂದರು ಕ್ಲರ್ಕು.

ಗೋಪುರದಲ್ಲಿ ಇನ್ನೂ ಕಷ್ಟವಾಯಿತು. “ನಂಗೆ ಮಂಡಿ ನೋವು, ನೀವು ಹೋಗ್ಬನ್ನಿ,” ಎಂದು ಹೆಂಡತಿ ಕೆಳಗೇ ಕೂತಳು. ಸುರುಳಿ ಮೆಟ್ಟಿಲಿನ ಅರ್ಧದಲ್ಲಿ, ಕೂತು ಕೂತೇ ಬೆಳೆಸಿದ ಡ್ರೈವರನ ಹೊಟ್ಟೆ ಎರಡು ಗೋಡೆಗಳ ನಡುವೆ ಬಾಟಲಿಯ ಬಿರಡೆಯಂತೆ ಕೂತುಬಿಟ್ಟಿತು. ಮೇಲಿನವರು ಇಳಿಯುವಂತಿಲ್ಲ, ಕೆಳಗಿನವರು ಹತ್ತುವಂತಿಲ್ಲ.

“ರಿವರ್ಸ್ ತಗೊಳ್ಳಿ ಸಾಹೇಬ್ರೇ, ರಿವರ್ಸ್!” ಕ್ಲರ್ಕು ಕೆಳಗಿನಿಂದ ಕೂಗಿದರು. “ಬರ್ಲಿ, ಬರ್ಲಿ, ಲೆಫ್ಟು ಕಟ್ ಮಾಡಿ!”

ಇಡೀ ಗೋಪುರ ನಕ್ಕಿತು. ಅಂಗಿಯ ಎರಡು ಗುಂಡಿಗಳನ್ನು ಅಲ್ಲೇ ಬಿಟ್ಟು, ಬೆನ್ನು ತರಚಿಸಿಕೊಂಡು ಅವನು ಹಿಂದೆ ಹಿಂದೆ ಇಳಿದು ಬಂದ.

ಕೊನೆಗೆ ಅರಮನೆ. ಇಲ್ಲಾದರೂ ಮಾನ ಉಳಿಯಲಿ ಎಂದುಕೊಂಡು ಮುಂಚೆಯೇ ಟಿಕೆಟ್ ತೆಗೆದುಕೊಂಡ. ಸಾಲು ಇನ್ನೇನು ಬಾಗಿಲು ಮುಟ್ಟಬೇಕು, ಅಷ್ಟರಲ್ಲಿ ಪರಿಚಿತ ಹಾರನ್ನು ಕೇಳಿಸಿತು. ಅವನದೇ ಬಸ್ಸು ಗೇಟಿಗೆ ಅಡ್ಡಡ್ಡ ನಿಂತಿತ್ತು. ಬದಲಿ ಡ್ರೈವರು ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಮುದುರಿದ್ದ. ಅವನದು ನಿಜವಾದ ಹೊಟ್ಟೆನೋವು. ಕಾವಲುಗಾರ ಸೀಟಿ ಊದಿ ಊದಿ ಕೆಂಪಾಗಿದ್ದ.

ಫೋನಿನಲ್ಲಿ ಗೋಳಾಡುತ್ತ ಸುತ್ತ ನೋಡಿದ ಬಸ್ಸಿನ ಗೈಡು ಸಾಲಿನಲ್ಲಿ ಡ್ರೈವರನ್ನು ಕಂಡು ಓಡಿ ಬಂದ.

“ಅಣ್ಣಾ! ದೇವರು ಬಂದ ಹಾಗೆ ಬಂದ್ಯಲ್ಲಣ್ಣಾ!” ಎಂದವನೇ ಫೋನನ್ನು ಅವನ ಕಿವಿಗೆ ಒತ್ತಿದ.

ಆ ಕಡೆ ಮ್ಯಾನೇಜರು. “ಏನಯ್ಯಾ, ಹೊಟ್ಟೆನೋವಿಗೆ ಅರಮನೇಲಿ ಔಷಧಿ ಕೊಡ್ತಾರಾ? ಈಗ ಸ್ಟೀರಿಂಗ್ ಹಿಡೀತೀಯೋ, ನಾಳೆಯಿಂದ ಮನೇಲೇ ಇರ್ತೀಯೋ?”

ಡ್ರೈವರು ಟಿಕೆಟ್ಟುಗಳನ್ನು ಹೆಂಡತಿಯ ಕೈಗಿಟ್ಟ.

“ನೀವಿಲ್ದೆ ನಾನೊಬ್ಳೇ ಹೇಗ್ರೀ?” ಎಂದಳು ಅವಳು.

“ಹೋಗು. ನಿಧಾನಕ್ಕೆ ಎಲ್ಲಾ ನೋಡು. ಆಮೇಲೆ ನಂಗೆ ಹೇಳುವಿಯಂತೆ.”

“ನಾನಿದ್ದೀನಲ್ಲ!” ಕ್ಲರ್ಕು ಆಗಲೇ ಒಳಗೆ ಕಾಲಿಟ್ಟಾಗಿತ್ತು.

ಬಸ್ಸನ್ನು ಪಾರ್ಕಿಂಗಿಗೆ ತಂದು ನಿಲ್ಲಿಸಿದ. ಅಂದು ಮಾತ್ರ ಅವನು ಮಲಗಲಿಲ್ಲ. ಅರಮನೆಯ ಕಿಟಕಿಗಳನ್ನು ಒಂದೊಂದಾಗಿ ನೋಡುತ್ತ, ಈಗ ಇಲ್ಲಿರಬಹುದು, ಈಗ ಅಲ್ಲಿ ನಿಂತು ಬೆರಗಾಗಿರಬಹುದು ಎಂದುಕೊಂಡ. ತರಚಿದ ಬೆನ್ನು ಉರಿಯುತ್ತಿದ್ದರೂ ಒಳಗೊಳಗೇ ಏನೋ ಸಮಾಧಾನ. ತಾನು ನೋಡದಿದ್ದರೇನು, ಅವಳಿಗಂತೂ ತೋರಿಸಿದಂತಾಯಿತು.

ಎಲ್ಲರೂ ಬಂದರು. ಕ್ಲರ್ಕು ಕಿಟಕಿ ಸೀಟು ಹುಡುಕುತ್ತ ಹಿಂದಕ್ಕೆ ಹೋದರು. ಹೆಂಡತಿ ಅವನ ಬೆನ್ನ ಹಿಂದಿನ ಸೀಟಿನಲ್ಲಿ ಕೂತಳು.

“ಹೇಗಿತ್ತು?”

“ಚೆನ್ನಾಗಿತ್ತು. ತೂಗುದೀಪದ ದೊಡ್ಡ ಹಾಲ್‌ಗೆ ಮಾತ್ರ ಬೀಗ ಹಾಕ್ಬಿಟ್ಟಿದ್ದಾರೆ. ಹೋದ್ಸಲ ತೆಗೆದಿತ್ತು.”

“ಹೋದ್ಸಲ ಅಂದ್ರೆ?”

ಅವಳು ತುಟಿ ಕಚ್ಚಿಕೊಂಡಳು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಅನ್ನಿಸಿರಬೇಕು. “ಹೊಲಿಗೆ ಕ್ಲಾಸಿನವರ ಜೊತೆ ಬಂದಿದ್ದೆ ಕಣ್ರೀ. ಕೋಟೆ, ಗೋಪುರ ಎಲ್ಲಾ ಆವಾಗ್ಲೇ ಆಗಿದೆ.”

“ನಂಗೊಂದು ಮಾತು ಹೇಳ್ಲಿಲ್ಲ!”

“ಹೇಳೋಣ ಅಂತಾನೇ ಈ ಬಸ್ಸಿನ ಹತ್ರ ಬಂದೆ. ನೀವು ಬಾಯಿ ತೆಕ್ಕೊಂಡು ಮಲಗಿದ್ರಿ, ತುಟಿ ಮೇಲೆ ನೊಣ ಕೂತಿತ್ತು. ಅವರೆಲ್ಲ ನೋಡಿ ನಗ್ತಾ, ‘ಯಾರೋ ಪಾಪ’ ಅಂದ್ರು.”

“ನೀನೇನಂದೆ?”

ಅವಳು ಕಿಟಕಿಯಾಚೆ ನೋಡಿದಳು.

“ನಾನೂ ‘ಯಾರೋ ಪಾಪ’ ಅಂದೆ.”

“ಎಲ್ರೂ ಬಂದ್ರು, ಹೊರಡೋಣ ಅಣ್ಣಾ,” ಎಂದು ಗೈಡು ಮೈಕಿನಲ್ಲಿ ಕೂಗಿದ. ಹೆಂಡತಿಯ ಮುಖ ಕಾಣದ ಹಾಗೆ ಕನ್ನಡಿಯನ್ನು ಒಂಚೂರು ತಿರುಗಿಸಿ, ಡ್ರೈವರು ಗೇರು ಹಾಕಿದ.