ಒಂದು ಚಿಟಿಕಿ ಕೂದಲಾ

ಕೂದಲಾ ನೋಡಿ ನಿಮ್ಮ ಮೈಯಾಗ ಏನು ಕಡಿಮಿ ಅದ ಹೇಳ್ತೀವಿ ಅಂತ ಬೋರ್ಡ್ ಹಾಕಿ ಕೂತರ, ನಗಿಸೋ ಮಂದಿ ತಾವ ಹುಡುಕ್ಕೊಂಡು ಬರ್ತಾರ. ಎರಡು ಸಾವಿರದ ಇಸವಿ ಆಜೂಬಾಜೂ, ಮರಾಠಿ ಸೀಮಿಯೊಳಗ, ವಿಮಾನ ನಗರ ಅನ್ನೋ ಬಡಾವಣಿಯಾಗ ಇಂಥಾ ಒಂದು ಪರೀಕ್ಷಾ ಕೇಂದ್ರದಾಗ ನಾಲ್ಕು ವರ್ಷ ಕತ್ತರಿ ಹಿಡಿದಾಕಿ ನಾನು. ಬಂದವರ ಹೆಡಕಿನ ಹತ್ರ, ಬುಡದಿಂದ, ಒಂದು ಚಿಟಿಕಿ ಕೂದಲಾ ಕತ್ತರಿಸಿ, ಲಕೋಟಿಗೆ ಹಾಕಿ, ಹೆಸರು ಬರದು ದೂರದ ಲ್ಯಾಬಿಗೆ ಕಳಸೂದು ನನ್ನ ಕೆಲಸ. ಹದಿನೈದು ದಿನಕ್ಕ ರಿಪೋರ್ಟ್ ಬರ್ತಿತ್ತು: ಕಬ್ಬಿಣ ಎಷ್ಟು, ಕ್ಯಾಲ್ಸಿಯಂ ಎಷ್ಟು, ಯಾವ ಗುಳಿಗಿ ನುಂಗಬೇಕು. ಆ ಗುಳಿಗಿ ನಮ್ಮ ಸಾಹೇಬರ ಕಪಾಟಿನಾಗ ಮೊದಲ ಬಂದು ಕೂತಿರ್ತಿದ್ವು. ಸಾಹೇಬರು ಬೆಳಗಾವಿಯವರು, ಬಿಳಿ ಕೋಟು ಹಾಕ್ತಿದ್ರು. ಯಾಕ ಅಂತ ನಾ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಸೀಸ

ಖಡಕಿ ಕಡೆ ಮದ್ದುಗುಂಡಿನ ಫ್ಯಾಕ್ಟರಿಯಿಂದ ರಿಟೈರ್ ಆದ ಒಬ್ರು ಯಜಮಾನ್ರು ಹೆಂಡತಿ ಕರ್ಕೊಂಡು ಬಂದ್ರು. ವಯಸ್ಸು ಅರವತ್ತೈದು, ತಲಿ ಮಾತ್ರ ಕರ್ರಗ ಮಿಂಚತಿತ್ತು.

"ಕಲಪ್ ಹಚ್ಚೀರೇನ್ರಿ? ಬಣ್ಣ ಹಚ್ಚಿದ ಕೂದಲಾ ನಡೆಯಂಗಿಲ್ಲ," ಅಂದೆ.

"ಛೇ ಛೇ! ನಮ್ಮ ಮನೆತನದ ಕೂದಲಾನ ಹಿಂಗ," ಅಂದ್ರು. ಹೆಂಡತಿ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಭಾಳ ಆಸಕ್ತಿಯಿಂದ ನೋಡಲಿಕ್ಕೆ ಹತ್ತಿದ್ರು.

ರಿಪೋರ್ಟ್ ಬಂತು. ಮೈಯಾಗ ಸೀಸ! ಅದೂ ಸಿಕ್ಕಾಪಟ್ಟಿ! ಸಾಹೇಬರ ಮುಖ ಬಿಳಚಿತು. "ನೌಕರಿಯೊಳಗ ಏನರೆ ನುಂಗಿದ್ರೇನ್ರಿ?" ಅಂತ ಕೇಳಿದ್ರು. ಯಜಮಾನ್ರು ಅಲ್ಲೇ ಕುಸದು ಕೂತು, ಮಗಳ ಮದವಿ ಬಗ್ಗೆ, ಹೊಲದ ಬಗ್ಗೆ ಕಡೀ ಮಾತು ಹೇಳಲಿಕ್ಕೆ ಸುರು ಮಾಡಿದ್ರು. ಹೆಂಡತಿ ಎಳಕೊಂಡು ಹೋಗಿ ದವಾಖಾನಿಯೊಳಗ ರಕ್ತ ತೋರಿಸಿದ್ರು. ರಕ್ತದಾಗ ಎಳ್ಳಷ್ಟೂ ಸೀಸ ಇಲ್ಲ.

ಅಲ್ಲಿ ಡಾಕ್ಟರು ಯಜಮಾನ್ರ ಅಂಗಿ ಕಾಲರ್ ತಿರುವಿ ನೋಡಿದ್ರಂತ. ಕಾಡಿಗಿ ಬಳದಂಗ ಕಪ್ಪು ಕಲಿ.

"ಸೀಸ ನಿಮ್ಮ ಹೊಟ್ಟ್ಯಾಗ ಇಲ್ರಿ, ಕಲಪಿನ ಬಾಟ್ಲಿಯೊಳಗ ಅದ," ಅಂದ್ರಂತ. ಆಗ ಹೆಂಡತಿ ಬಾಯಿ ಬಿಟ್ರು: "ಸುಳ್ಳು ಹೇಳಿ ಸಾಯಲಿಕ್ಕೆ ತಯಾರಾದ್ರ ಹೊರತು, ಹಚ್ಚೀನಿ ಅಂತ ಒಪ್ಪಲಿಲ್ಲ ನೋಡ್ರಿ!"

ಹಾಲು

ನಮ್ಮ ಕೇಂದ್ರದ ಹಿಂದಿನ ಬಿಲ್ಡಿಂಗಿನಾಗ ಬೆಂಗಳೂರಿನ ಹುಡುಗ ಒಬ್ಬ ಕಂಪ್ಯೂಟರ್ ಕೆಲಸಕ್ಕಿದ್ದ. ಭಾಳ ಶಾಣ್ಯಾ. ಒಂದ ದಿನ, ತನ್ನ ಒಂದ ತಲಿಯಿಂದ ರೂಮಿನಾಗ ತಾನ ಎರಡು ಚಿಟಿಕಿ ಕತ್ತರಿಸಿಕೊಂಡು ಬಂದು, ಒಂದು ಲಕೋಟಿಗೆ ತನ್ನ ಹೆಸರು, ಇನ್ನೊಂದಕ್ಕ ರೂಮ್‌ಮೇಟ್ ಹೆಸರು ಬರದು ಕೊಟ್ಟಿದ್ದ. ನನಗ ಗೊತ್ತಾಗಿದ್ದು ಎರಡೂ ರಿಪೋರ್ಟ್ ಹಿಡ್ಕೊಂಡು ವಾಪಸ್ ಬಂದಾಗ.

"ಮೇಡಂ, ಇದರಲ್ಲಿ ಕ್ಯಾಲ್ಸಿಯಂ ಜಾಸ್ತಿ, ಹಾಲು ಬಿಡಿ ಅಂತಿದೆ. ಇದರಲ್ಲಿ ಕಮ್ಮಿ, ದಿನಾ ಎರಡು ಲೋಟ ಕುಡೀರಿ ಅಂತಿದೆ. ಎರಡೂ ನಂದೇ ತಲೆ. ಈಗ ನಾನು ಹಾಲು ಕುಡೀಲಾ, ಬಿಡ್ಲಾ?"

ನನಗ ಭೂಮಿ ಬಾಯಿ ತೆರೀಬಾರದಾ ಅನಿಸ್ತು. ಸಾಹೇಬರು ಮಾತ್ರ ಒಂದು ಕ್ಷಣ ಸೈತ ಅಳಕಲಿಲ್ಲ.

"ನೀವು ಬಿಡ್ರಿ," ಅಂದ್ರು, "ನಿಮ್ಮ ರೂಮ್‌ಮೇಟ್ ಕುಡೀಲಿ."

ನಾದಿನಿ ಜಡಿ

ಇದು ನಮ್ಮ ಮನಿದ. ನಮ್ಮ ನಾದಿನಿಗೆ ಅದ ಊರಿನ ಕಾತ್ರಜದ ಒಬ್ಬ ಹುಡುಗ ನೋಡಿ ಹೋಗಿದ್ದ. ಮೂಲ ಧಾರವಾಡ ಕಡೆ ಮಂದಿ. ಹುಡುಗ ಆಕಿಗೆ ಭಾಳ ಸೇರಿದ್ದ. ಮೂರು ದಿನ ಸಾರಿಗೆ ಉಪ್ಪು ಹಾಕೂದ ಮರತಿದ್ಲು ಅಂದ್ರ ನೀವ ತಿಳಕೋರಿ.

ಆದರ ಹುಡುಗನ ತಾಯಿ ನಮ್ಮ ಕೇಂದ್ರದ ದೊಡ್ಡ ಭಕ್ತರು. ದಿನಕ್ಕ ಆರು ಗುಳಿಗಿ ನುಂಗವರು. "ಕುಂಡಲಿ ಕೂಡ್ಯಾವ್ರಿ. ಹುಡುಗಿ ಕೂದಲಾದ ರಿಪೋರ್ಟ್ ಒಂದು ಬರ್ಲಿ, ಹೂಂ ಅಂತೀವಿ," ಅಂದ್ರು. ನಾ ಕತ್ತರಿಸ್ತೀನಿ ಅಂದ್ರ ಕೇಳಲಿಲ್ಲ. "ನೀವು ಅಲ್ಲೇ ಕೆಲಸ ಮಾಡವರು. ಬ್ಯಾಡ್ರಿ." ನಾ ಕೆಲಸಕ್ಕ ಹೋದಾಗ ತಾವ ಮನಿಗೆ ಬಂದು, ಕತ್ತರಿಸಿಕೊಂಡು, ಲಕೋಟಿ ಅಂಟಿಸಿ ನನ್ನ ಕೈಗೆ ತಂದುಕೊಟ್ರು.

ಹದಿನೈದು ದಿನಕ್ಕ ರಿಪೋರ್ಟ್ ಬಂತು. ಕಬ್ಬಿಣ ಇಲ್ಲ, ಕ್ಯಾಲ್ಸಿಯಂ ಇಲ್ಲ, ಸತುವು ಇಲ್ಲ. ದಿನಾ ನಲವತ್ತು ಮಿನಿಟ್ ಚುರುಕಾಗಿ ನಡೀಬೇಕು ಅಂತ ಬರದಿತ್ತು.

ಐತವಾರ ಹುಡುಗನ ತಾಯಿ ಬಂದ್ರು. ರಿಪೋರ್ಟ್ ಓದಿ ಕನ್ನಡಕ ತಗದ್ರು. "ತಪ್ಪು ತಿಳೀಬ್ಯಾಡ್ರಿ. ಮೈಯಾಗ ಏನೂ ಇಲ್ಲದ ಹುಡುಗಿನ್ನ ಹೆಂಗ ಮಾಡ್ಕೊಳ್ಳೂದು?"

ನಾದಿನಿ ಬಾಗಲಾ ಹಿಂದ ನಿಂತು ಅಳಲಿಕ್ಕೆ ಹತ್ತಿದ್ಲು. ನನಗ ತಡೀಲಿಲ್ಲ. "ಎಲ್ಲಿಂದ ಕತ್ತರಿಸಿದ್ರಿ ಬಾಯಾರ?" ಅಂತ ಕೇಳಿದೆ.

"ಜಡಿ ತುದಿಯಿಂದ. ಬುಡದಾಗ ಕತ್ತರಿಸಿದ್ರ ಛಂದ ಕೆಡ್ತದಲ್ಲಾ, ಪಾಪ!"

ನಮ್ಮ ಅತ್ತಿಯವರು ಹಣಿ ಬಡಕೊಂಡ್ರು. ಸೀದಾ ಹೋಗಿ ಮಗಳ ಜಡಿ ಬಿಚ್ಚಿದ್ರು. ಕೆಳಗಿನ ಅರ್ಧ ಜಡಿ ಅವರ ಕೈಯಾಗ ಬಂತು! ಚವರಿ! ತನ್ನ ಕೂದಲಾ ಗೇಣುದ್ದ ಅಂತ ಚವರಿ ಸೇರಿಸಿ ಹೆಣಕೊಂಡಿದ್ಲು ಹುಡುಗಿ. ಹುಡುಗನ ತಾಯಿ ಮುಂದ ಯಾರು ಹೇಳ್ತಾರ್ರಿ ಅದನ್ನ? ಬಾಯಿ ಮುಚ್ಚಿಕೊಂಡು ಕತ್ತರಿಸಿಕೊಂಡಿದ್ಲು.

"ಇದು ನಮ್ಮ ಅತ್ತಿ ಚವರಿ ರೀ," ಅಂದ್ರು ನಮ್ಮ ಅತ್ತಿಯವರು. "ವಯಸ್ಸಿನ್ಯಾಗ ಬಾಚಿದಾಗ ಉದುರಿದ್ದ ತಮ್ಮ ಕೂದಲಾ ಕೂಡಿಸಿಟ್ಟು ಮಾಡಿಸಿದ್ದು. ಅವರು ಹೋಗಿ ಆರು ವರ್ಷ ಆತು."

ಆರು ವರ್ಷದ ಹಿಂದ ಹೋದವರಿಗೆ ನಲವತ್ತು ಮಿನಿಟ್ ಚುರುಕಾಗಿ ನಡೀರಿ ಅಂತ ಹೇಳಿತ್ತು ನಮ್ಮ ಲ್ಯಾಬು! ನಾ ಸೆರಗು ಬಾಯಿಗೆ ತುರುಕಿಕೊಂಡೆ.

ಹುಡುಗನ ತಾಯಿ ನಗಲಿಲ್ಲ. ಚವರಿ ನೋಡಿದ್ರು, ರಿಪೋರ್ಟ್ ನೋಡಿದ್ರು. "ಎಷ್ಟು ವರ್ಷ ಬದುಕಿದ್ರು?"

"ತೊಂಬತ್ತೊಂದು. ಕಡೀತನಕ ಕಟಕ ರೊಟ್ಟಿ ಕಟಕಟ ಕಡದು ತಿಂದ್ರು. ಒಂಬತ್ತು ಹಡದಾರ."

"ಕಬ್ಬಿಣ ಇಲ್ಲದ, ಕ್ಯಾಲ್ಸಿಯಂ ಇಲ್ಲದ, ತೊಂಬತ್ತೊಂದು?" ಅಂತ ಅವರು ಎದ್ದು ನಿಂತ್ರು. "ನನಗ ಈ ಮನಿ ಹುಡುಗಿನ ಬೇಕು! ಕುಂಕುಮ ತರ್ರಿ!"

ಬಾಗಲಾ ಹಿಂದಿನ ಅಳು ಟಕ್ಕನ ನಿಂತಿತು. ನಾದಿನಿ ಹಣಿಗೆ ಕುಂಕುಮ ಹಚ್ಚಿ ಕೂತವರ, ಬೀಗರಾದ ಹುಡುಗನ ತಾಯಿ ಪೆನ್ನು ತಗದು ಆ ರಿಪೋರ್ಟಿನ ಹಿಂದ ಬರಕೊಳ್ಳಲಿಕ್ಕೆ ಸುರು ಮಾಡಿದ್ರು. "ಹೇಳ್ರಿ, ದಿನಾ ಏನೇನು ತಗೋತಿದ್ರು ಅವರು?"

"ರೊಟ್ಟಿ, ಹಿಂಡಿಪಲ್ಯ, ಮಜ್ಜಿಗಿ," ಅಂದ್ರು ಅತ್ತಿಯವರು. ಸುಳ್ಳು ಹೇಳಬಾರದು ಅಂತ ಸಣ್ಣ ದನಿಯಾಗ ಸೇರಿಸಿದ್ರು, "ಮತ್ತ... ತಾಸಿಗೊಮ್ಮೆ ಒಂದು ಚಿಟಿಕಿ ತಪಕೀರ, ನಶ್ಯದ ಪುಡಿ."

ಮದವಿ ಆಗಿ ಇಷ್ಟು ವರ್ಷ ಆತು. ನಾದಿನಿ ಆರಾಮ ಇದ್ದಾಳ. ಬೀಗರು ಆರೂ ಗುಳಿಗಿ ಬಿಟ್ಟು, ತಾಸಿಗೊಮ್ಮೆ ಮೂಗಿಗೆ ತಪಕೀರ ಏರಿಸಿ, ಇಡೀ ಕಾತ್ರಜಕ್ಕ ಕೇಳೂಹಂಗ ಸೀನತಾರ.