ಹೂವು, ಹಕ್ಕಿ ಮತ್ತು ಮಾವನ ಟೋಸ್ಟ್

ನನ್ನ ಸೋದರಮಾವನಿಗೆ ಯಾವುದನ್ನೂ ಒಂಟಿಯಾಗಿ ನೋಡಲು ಬರುವುದಿಲ್ಲ. ಒಂದನ್ನು ಕಂಡರೆ ಇನ್ನೊಂದಕ್ಕೆ ಹೋಲಿಸದ ಹೊರತು ಉಂಡ ಅನ್ನ ಮೈಗೆ ಹತ್ತದು! ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದವರು. ನಿವೃತ್ತರಾದರೂ ನಾಲಿಗೆಗೆ ನಿವೃತ್ತಿ ಸಿಕ್ಕಿಲ್ಲ. ಒಮ್ಮೆ ನಮ್ಮಲ್ಲಿಗೆ ಊಟಕ್ಕೆ ಬಂದಿದ್ದ ಪಾದ್ರಿಗಳ ಎದುರಲ್ಲೇ ಅವರ ಪ್ರವಚನವನ್ನು ಪ್ರೆಶರ್ ಕುಕ್ಕರಿಗೆ ಹೋಲಿಸಿದರು. "ವ್ಯತ್ಯಾಸ ಇಷ್ಟೇ ಫಾದರ್, ಕುಕ್ಕರ್ ಮೂರು ಸೀಟಿಗೆ ನಿಲ್ತದೆ." ಅಮ್ಮ ಆ ದಿನ ತಮ್ಮನಿಗೆ ಎರಡನೇ ಸಲ ಮಾಂಸ ಬಡಿಸಲಿಲ್ಲ.

ಇಂಥವರು ನನ್ನ ಮದುವೆಯಲ್ಲಿ ಟೋಸ್ಟ್ ಎತ್ತುವುದೆಂದು ತೀರ್ಮಾನವಾಯಿತು! ಮಂಗಳೂರಿನ ನಮ್ಮ ಕ್ರೈಸ್ತರ ಮದುವೆಯಲ್ಲಿ ವಧೂವರರನ್ನು ಹೊಗಳಿ ಎಲ್ಲರಿಂದ ಗ್ಲಾಸು ಎತ್ತಿಸುವ ಭಾಷಣ ಅದು. ಹೊಗಳಿ ಎಂಬ ಶಬ್ದವನ್ನು ಗಮನಿಸಿ. ನನಗೋ ಮೊದಲೇ ಬೇರೆ ಸಂಕಟ. ನಾನು ಲೇಹ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್. ಆ ಕೆಲಸ ಬಿಟ್ಟು ಮಂಗಳೂರಿಗೆ ಬಂದು ಕುಲಶೇಖರದ ತಮ್ಮ ಮನೆಯಲ್ಲಿರಬೇಕೆಂದು ಅತ್ತೆಯಾಗುವವರ ಅಪ್ಪಣೆ. ಆನ್‌ಲೈನಿನಲ್ಲಿ ಗಿಟಾರ್ ಕಲಿಸುವ ವರಮಹಾಶಯ ಬಾಯಿಗೆ ಬೀಗ ಹಾಕಿಕೊಂಡಿದ್ದ. ನಾನು ರಾಜೀನಾಮೆ ಬರೆದಿಟ್ಟಿದ್ದೆ, ಕಳಿಸಿರಲಿಲ್ಲ.

ಮಾವ ಮೈಕ್ ಹಿಡಿದರು. ಮನೆಮಾತು ಕೊಂಕಣಿಯಾದ ನಮ್ಮವರ ಮದುವೆಯಲ್ಲಿ ಕನ್ನಡ ಭಾಷಣ!

"ವಧು ಲಡಾಖಿನ ಬೆಟ್ಟದ ಹೂಗಿಡ. ಗಿಡ್ಡ. ನೆಲಕ್ಕೆ ಅಂಟಿಕೊಂಡಿರ್ತದೆ. ಚಳಿಗೆ ಮೈತುಂಬ ರೋಮ."

ಸಭೆ ಗೊಳ್ಳೆಂದಿತು. ಬ್ಯೂಟಿ ಪಾರ್ಲರಿನಲ್ಲಿ ನಾನು ಕಳೆದ ಐದು ಗಂಟೆ ನೀರುಪಾಲು!

"ವರ ಬೆಂಗ್ರೆಯ ಕಡಲಂಚಿನ ಹಕ್ಕಿ. ಕಾಲು ಕಡ್ಡಿ. ತೆರೆ ಬಂದ್ರೆ ಹಿಂದೆ ಓಡ್ತದೆ, ತೆರೆ ಹೋದ್ರೆ ಮುಂದೆ ಓಡ್ತದೆ. ಸ್ವಂತ ನಿರ್ಧಾರ ಅಂತ ಇಲ್ಲ ಮಾರಾಯ್ರೆ!"

ಅತ್ತೆಯ ಮುಖ ಹುಳಿ ಮಜ್ಜಿಗೆ ಕುಡಿದಂತಾಯಿತು. ಅಮ್ಮ ಹಿಂದಿನಿಂದ ಮಾವನ ಕೋಟು ಜಗ್ಗಿದರು. "ಸಾಕು ಮಾರಾಯ, ಕೂತ್ಕೊ!"

"ಸಾಮ್ಯ ಒಂದು ಉಂಟಲ್ಲ," ಎಂದರು ಮಾವ. "ಈ ಹಕ್ಕಿ ಇಲ್ಲಿಗೆ ಬರುವುದು ಚಳಿಗಾಲ ಕಳೀಲಿಕ್ಕೆ ಮಾತ್ರ. ಗೂಡು ಮಾಡುವುದು ಆ ಹೂ ಅರಳುವ ಬೆಟ್ಟದಲ್ಲೇ. ಹೂಗಿಡವನ್ನು ಕಿತ್ತು ಇಲ್ಲಿ ನೆಟ್ರೆ ನಮ್ಮ ಸೆಕೆಗೆ ವಾರದಲ್ಲಿ ಸಾಯ್ತದೆ. ರೆಕ್ಕೆ ಇರುವವರು ಹಾರಬೇಕಲ್ವಾ ಮಗಾ?"

ವರ ತನ್ನ ತಾಯಿಯನ್ನು ನೋಡಿದ, ನನ್ನನ್ನು ನೋಡಿದ, ಎದ್ದು ನಿಂತ. "ನಾನು ಲೇಹ್‌ಗೆ ಹೋಗ್ತೇನೆ ಮಮ್ಮಿ. ಗಿಟಾರ್ ಅಲ್ಲಿಂದಲೂ ಕಲಿಸ್ಲಿಕ್ಕೆ ಆಗ್ತದೆ."

ಅತ್ತೆ ಮಗನನ್ನೇ ನೋಡುತ್ತ ತಮ್ಮ ಗ್ಲಾಸು ಎತ್ತಿದರು.

ಮಾವ ನನ್ನ ಬಳಿ ಬಂದು ಮೆಲ್ಲಗೆ ಕೇಳಿದರು: "ಎಂತ, ತುಂಬ ಉದ್ದ ಆಯ್ತಾ?"

ಅವರಿಗೆ ಮದುವೆಯಿಲ್ಲ, ಮಕ್ಕಳಿಲ್ಲ, ಇರುವವಳು ನಾನೊಬ್ಬಳೇ. ನನ್ನನ್ನು ಊರಲ್ಲೇ ಉಳಿಸಿಕೊಳ್ಳಲು ಆ ಮಾತುಗಾರ ಮಾವ ಅವತ್ತೊಂದು ದಿನ ಸುಮ್ಮನಿದ್ದರೆ ಸಾಕಿತ್ತು. ಅವರ ಕೋಟಿಗೆ ಮುಖ ಒತ್ತಿ ಅತ್ತುಬಿಟ್ಟೆ.