ಗವಿವೀರನ ಕಡೆಯ ಪುಟ

ತಪ್ಪೆಲ್ಲ ಬೀರೇಶನ ಹೆಬ್ಬೆರಳಿನದು.

ಶನಿವಾರ ಬೆಳಿಗ್ಗೆ ದೇವದುರ್ಗ ಬಸ್‌ಸ್ಟ್ಯಾಂಡಿನ ಎದುರಿನ ತನ್ನ ಝೆರಾಕ್ಸ್ ಅಂಗಡಿಯಲ್ಲಿ ಅವನು ಯಂತ್ರದೊಳಗೆ ಸಿಕ್ಕಿಕೊಂಡ ಹಾಳೆಯನ್ನು ಒಂದು ಕೈಯಲ್ಲಿ ಎಳೆಯುತ್ತ, ಇನ್ನೊಂದು ಕೈಯಲ್ಲಿ ಮೊಬೈಲು ನೋಡುತ್ತಿದ್ದ. ವಾಟ್ಸಾಪ್ ಗುಂಪಿನಲ್ಲಿ ಗದ್ದೆಪ್ಪ ಸಾವ್ಕಾರರ ಸಂದೇಶ ಬಂದಿತ್ತು: ‘ಗವಿವೀರ ಕಲ್ಲಾದ. ಇದೇ ಸತ್ಯ. ಉಳಿದದ್ದೆಲ್ಲ ಸುಳ್ಳು.’ ಹಾಳೆ ಒಮ್ಮೆಲೇ ಕಿತ್ತು ಬಂತು, ಬೀರೇಶ ಹಿಂದಕ್ಕೆ ವಾಲಿದ, ಹೆಬ್ಬೆರಳು ಪರದೆಯನ್ನು ಒತ್ತಿತು. ಸಂದೇಶದ ಕೆಳಗೆ ಹಳದಿ ಬಣ್ಣದ ಇನ್ನೊಂದು ಹೆಬ್ಬೆರಳು ಸೆಟೆದು ನಿಂತಿತು.

ಗವಿವೀರ ಯಾರೆಂದು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಮಾನ್ವಿ ತಾಲ್ಲೂಕು ಹಿರೇಕೊಟ್ನೆಕಲ್ಲಿನ ಬೂದೆಪ್ಪ ಮಾಸ್ತರರು ನಿವೃತ್ತರಾದ ಮೇಲೆ ಹನ್ನೊಂದು ನೋಟುಬುಕ್ಕುಗಳಲ್ಲಿ ‘ಏಳು ಹೆಡೆಯ ಹೊಳೆ’ ಎಂಬ ಹೊಸ ಪುರಾಣವನ್ನೇ ಕಟ್ಟಿದ್ದರು. ಎಲ್ಲೂ ಇಲ್ಲದ ನಾಡು, ಯಾರೂ ಪೂಜಿಸದ ದೇವರುಗಳು, ಹಾವಿನಂತೆ ಹೆಡೆಯೆತ್ತುವ ಹೊಳೆ, ಆ ಹೊಳೆ ನುಂಗಿದ ಮಳೆಯನ್ನು ಬಿಡಿಸಿ ತರಲು ಹೊರಟ ಕುರಿ ಕಾಯುವ ಗವಿವೀರ. ಕತೆ ಮುಗಿಯುವ ಮೊದಲೇ ಮಾಸ್ತರರು ತೀರಿಕೊಂಡರು. ನೋಟುಬುಕ್ಕುಗಳು ಝೆರಾಕ್ಸ್ ಆಗಿ ಊರೂರು ಸುತ್ತಿದವು. ದೇವದುರ್ಗದ ಪ್ರತಿಯ ಕೊನೆಯಲ್ಲಿ ಗವಿವೀರ ದಡದ ಮೇಲೆ ಕಲ್ಲಾಗತೊಡಗಿದ್ದ. ಮಾನ್ವಿಯ ಪ್ರತಿಯಲ್ಲಿ ಮೀನಾಗತೊಡಗಿದ್ದ. ಎರಡೂ ಅರ್ಧ ವಾಕ್ಯಕ್ಕೇ ನಿಂತಿದ್ದವು. ಅಲ್ಲಿಂದ ಓದುಗರಲ್ಲಿ ಕಲ್ಲಿನವರು, ಮೀನಿನವರು ಎಂದು ಎರಡು ಪಂಗಡಗಳಾದವು. ಯಾರದು ಖರೆ ಎಂದು ತೀರ್ಮಾನಿಸಲು ಮರುದಿನ ರಾಯಚೂರಿನಲ್ಲಿ ಸಭೆ ಇತ್ತು.

ಕಲ್ಲಿನವರ ಮುಖಂಡ ಗದ್ದೆಪ್ಪ ಸಾವ್ಕಾರರು ಬೀರೇಶ ಬಾಡಿಗೆಗಿದ್ದ ಮಳಿಗೆಯ ಮಾಲೀಕರು. ಮೀನಿನವರ ಮುಖಂಡಳು ಮಾನ್ವಿಯ ಗ್ರಂಥಾಲಯದಲ್ಲಿ ಕೆಲಸ ಮಾಡುವ ಭಾಗ್ಯಜ್ಯೋತಿ. ಬರುವ ಗುರುವಾರ ಆಕೆಗೂ ಬೀರೇಶನಿಗೂ ಮದುವೆಯ ನಿಶ್ಚಯ.

ಫೋನು ಬಂದೇಬಿಟ್ಟಿತು.

“ನೀವು ಕಲ್ಲಿನವರೇನ್ರಿ?” ಎಂದಳು ಭಾಗ್ಯಜ್ಯೋತಿ. “ನಮ್ಮ ಮಂದಿಯೆಲ್ಲ ನೋಡ್ಯಾರ. ನಗಾಕತ್ತಾರ.”

“ಕೈ ತಪ್ಪಿ ಒತ್ತೀನಿ...”

“ನನ್ನ ನೋಡಾಕ ಬಂದಾಗ ಹೂಂ ಅಂದದ್ದೂ ಬಾಯಿ ತಪ್ಪೇ ಏನು?”

ಬೀರೇಶ ಬೆವರೊರೆಸಿಕೊಂಡು, ಆಕೆಯ ಮೀನಿನ ಸಂದೇಶವನ್ನು ಹುಡುಕಿ ಅದಕ್ಕೊಂದು ಕೆಂಪು ಹೃದಯ ಅಂಟಿಸಿದ. ಐದು ನಿಮಿಷದಲ್ಲಿ ಗದ್ದೆಪ್ಪ ಸಾವ್ಕಾರರು ಹೊಟ್ಟೆಯನ್ನು ಮುಂದೆ ಕಳಿಸಿ, ಹಿಂದಿನಿಂದ ತಾವು ಬಂದರು.

“ಲೇ ಬೀರ್ಯಾ, ಕೂಡಾಕ ಕಲ್ಲಿನವರ ಮಳಿಗಿ ಬೇಕು, ಪ್ರೀತಿ ಮೀನಿನವರ ಮ್ಯಾಲೇನು? ಸೋಮವಾರ ಮಳಿಗಿ ಖಾಲಿ ಮಾಡು.”

ಪಕ್ಕದ ಚಹಾದಂಗಡಿಯ ದಸ್ತಗೀರ್ ಸಾಬ್‌ಗೆ ಕನಿಕರ ಉಕ್ಕಿತು. “ಅರೆ ಭಾಯ್, ಇಷ್ಟಕ್ಕ ಯಾಕ ಪರೇಶಾನ್ ಆಗ್ತಿ? ಕೊಡು ಇಲ್ಲಿ” ಎಂದು ಮೊಬೈಲು ಕಸಿದುಕೊಂಡು, ‘ಗವಿವೀರ ಸೊಂಟದ ಮೇಲೆ ಕಲ್ಲು, ಕೆಳಗೆ ಮೀನು - ಬೀರೇಶ’ ಎಂದು ಟೈಪಿಸಿ ಕಳಿಸಿಯೇಬಿಟ್ಟ. ಗುಂಪಿನಲ್ಲಿ ಅದುವರೆಗೆ ಸುಮ್ಮನಿದ್ದ ನೂರಾರು ಮಂದಿ ಬೀರೇಶನನ್ನು ಕಾದ ಹಂಚಿನ ಮೇಲಿನ ರೊಟ್ಟಿಯಂತೆ ತಿರುವಿ ತಿರುವಿ ಬೇಯಿಸಿದರು.

ಬೀರೇಶನಿಗೆ ಅಳು ಬರುವಂತಾಯಿತು. “ಸಾವ್ಕಾರ್ರ, ಮಾಸ್ತರ ಹೆಂಡ್ತಿ ಆದೆಮ್ಮ ಅದಾರಲ್ಲ? ಅವರ್ನ ಕೇಳಿದ್ರ ಮುಗೀತು.”

ಜಗಳ ಶುರುವಾದ ಮೂರು ವರ್ಷಗಳಲ್ಲಿ ಈ ಮಾತು ಯಾರಿಗೂ ಹೊಳೆದಿರಲಿಲ್ಲ.

ಸಾವ್ಕಾರರು ತಮ್ಮ ಪ್ರತಿಯನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಮಾನ್ವಿಯ ಬಸ್ಸು ಹತ್ತಿದರು. ಮಾನ್ವಿಯಲ್ಲಿ ಭಾಗ್ಯಜ್ಯೋತಿ ಜೊತೆಯಾದಳು. ಹಿರೇಕೊಟ್ನೆಕಲ್ಲಿನವರೆಗೆ ಟಂಟಂ ಆಟೋದಲ್ಲಿ ಇಬ್ಬರ ನಡುವೆ ಬೀರೇಶ ಬೀಸುಕಲ್ಲಿಗೆ ಬಿದ್ದ ಜೋಳದಂತೆ ಕುಳಿತ.

“‘ಅವನ ಕಾಲು ತಣ್ಣಗಾದವು’ ಅಂತ ಅದ. ತಣ್ಣಗಿರೋದು ಕಲ್ಲು!” ಎಂದರು ಸಾವ್ಕಾರರು.

“ಮೀನೇನು ಕಾವಲಿ ಹಂಗ ಸುಡ್ತದೇನ್ರಿ?” ಎಂದಳು ಭಾಗ್ಯಜ್ಯೋತಿ. “ಮುಂದ ಒಂದು ಮಸಿ ಗುರುತು ಅದ ನೋಡ್ರಿ. ಅದು ‘ಮೀ’ ಅಕ್ಷರ.”

“ಅದು ಸತ್ತ ಇರುವಿ!”

ಆದೆಮ್ಮ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಮೂವರಿಗೂ ಒಂದೊಂದು ಹಿಡಿ ಕೊಟ್ಟು ಪ್ರಶ್ನೆಯನ್ನು ಪೂರ್ತಿ ಕೇಳಿದಳು.

“ಗವಿವೀರ ಏನಾಗ್ತಾನ? ಅಂವ ದಣಿದಿದ್ದ. ಕುರಿ ಹೊಡ್ಕೊಂಡು ಮನಿಗಿ ಹೋದ.”



“ತಪ್ಪು ತಿಳೀಬ್ಯಾಡ್ರಿ ಯವ್ವಾ,” ಸಾವ್ಕಾರರು ಕಂಕುಳಿನ ಟವೆಲು ಬಿಚ್ಚಿ ಪ್ರತಿ ಹೊರತೆಗೆದರು. “ಎಂಟನೇ ಬುಕ್ಕಿನಾಗ ಅವನ ಕುರಿಯೆಲ್ಲಾ ಹೊಳಿ ನುಂಗ್ಯದ. ಯಾವ ಕುರಿ ಹೊಡ್ಕೊಂಡು ಹೋಗ್ತಾನ?”

“ಬರ್ದಾಕಿ ನಾನಪ್ಪಾ. ಮಾಸ್ತರ ಕೈ ನಡುಗ್ತಿತ್ತು. ಮೊದಮೊದಲು ಅವರು ಹೇಳ್ತಿದ್ರು, ನಾ ಬರೀತಿದ್ದೆ. ಆಮ್ಯಾಲ ಅವರು ಹೇಳ್ತಾ ಹೇಳ್ತಾ ನಿದ್ದಿ ಮಾಡಿಬಿಡ್ತಿದ್ರು. ಕತಿ ನಿಂದ್ರಬಾರದಂತ ನಾಲ್ಕನೇ ಬುಕ್ಕಿನಿಂದ ನಾನೇ ಬರ್ದೆ.”

ಭಾಗ್ಯಜ್ಯೋತಿ ಆಕೆಯ ಕೈ ಹಿಡಿದು, ತುಂಬ ಮೆತ್ತಗೆ ಹೇಳಿದಳು: “ಬರ್ದಿರಬಹುದು ಯವ್ವಾ. ಆದ್ರ ನೀವು ಸರಿಯಾಗಿ ಓದಿಲ್ಲ.”

“ಹೌದ್ ಹೌದು!” ಎಂದರು ಸಾವ್ಕಾರರು. ಇಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು.

ಬೀರೇಶ ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿರಬೇಕಿತ್ತು. “ಯವ್ವ ಹೇಳಿದ್ದೇ ಚಲೋ ಅದ. ಮನಿಗಿ ಹೋಗ್ಲಿ ಬಿಡ್ರಿ ಪಾಪ” ಎಂದ. ಇಬ್ಬರೂ ಅವನ ಕಡೆ ತಿರುಗಿದ ರಭಸಕ್ಕೆ ಶೇಂಗಾದ ಮೊರ ಮಗುಚಿತು. ಕತೆಯ ಗಂಧವೇ ಇಲ್ಲದವನು ಎಂದು ಸಾವ್ಕಾರರು, ಇಂಥವರ ಜೊತೆ ಬಾಳುವೆ ಹೆಂಗೆ ಎಂದು ಭಾಗ್ಯಜ್ಯೋತಿ. ಬೀರೇಶ ಬಗ್ಗಿ ಒಂದೊಂದೇ ಶೇಂಗಾ ಆರಿಸತೊಡಗಿದ.

ಆದೆಮ್ಮ ಇಬ್ಬರನ್ನೂ ಒಂದು ಗಳಿಗೆ ದಿಟ್ಟಿಸಿ ನೋಡಿದಳು. “ಸಾವ್ಕಾರ್ರ, ಅಟ್ಟದ ಮ್ಯಾಲಿನ ಡಬ್ಬಿ ಇಳಿಸಿಕೊಡ್ರಿ, ಬರ್ರಿ” ಎಂದು ಒಳಗೆ ಕರೆದಳು. ಹತ್ತು ನಿಮಿಷದ ಮೇಲೆ ಸಾವ್ಕಾರರು ಹೊಸ ಮದುಮಗನಂತೆ ಹೊಳೆಯುತ್ತ ಹೊರಬಂದರು. ಆಮೇಲೆ, “ಚಹಾ ಮಾಡಾಮು, ಬಾ ತಂಗಿ” ಎಂದು ಭಾಗ್ಯಜ್ಯೋತಿಯನ್ನು ಕರೆದೊಯ್ದಳು. ಚಹಾ ಬರುವುದು ತಡವಾಯಿತು. ಬಂದಾಗ ಆಕೆಯ ಮುಖವೂ ಅರಳಿತ್ತು.

ಮರಳಿ ಬರುವಾಗ ಟಂಟಂನಲ್ಲಿ ಜಗಳವಿಲ್ಲ. ಸಾವ್ಕಾರರು ಭಾಗ್ಯಜ್ಯೋತಿಗೆ ಗಾಳಿ ಬರುವ ಕಡೆಯ ಜಾಗ ಬಿಟ್ಟುಕೊಟ್ಟರು. ‘ಪಾರಾದೆ’ ಎಂದುಕೊಂಡ ಬೀರೇಶ, ಬೆಳಗಿನಿಂದ ಮೊದಲ ಸಲ ಕಾಲು ಚಾಚಿದ.

ಮಾನ್ವಿಯಲ್ಲಿ ಇಳಿದ ಭಾಗ್ಯಜ್ಯೋತಿ ಅವನನ್ನು ಬದಿಗೆ ಕರೆದಳು. “ಸಿಟ್ಟಿನಾಗ ಏನೋ ಅಂದೆ. ಗುರುವಾರ ಮಂದಿ ಕರ್ಕೊಂಡು ಬರ್ರಿ” ಎಂದು ಮಡಚಿದ ಹಾಳೆಯೊಂದನ್ನು ಅವನ ಎಡ ಜೇಬಿಗೆ ತುರುಕಿದಳು. “ಕಡೀ ಪುಟ. ಯವ್ವ ನನಗೊಬ್ಬಾಕಿಗೇ ಬರ್ದುಕೊಟ್ಟಾಳ, ಸಹಿ ಹಾಕಿ. ನಾಳೆ ಸಭಾದಾಗ ನೀವೇ ಓದ್ರಿ. ನಾ ಓದಿದ್ರ ಕಲ್ಲಿನವರು ನಂಬಂಗಿಲ್ಲ. ಸಾವ್ಕಾರ್ರಿಗಿ ಮಾತ್ರ ಸುಳಿವು ಕೊಡಬ್ಯಾಡ್ರಿ.”

ದೇವದುರ್ಗದ ಬಸ್ಸು ಊರು ದಾಟುತ್ತಲೇ ಸಾವ್ಕಾರರು ಅವನ ಹೆಗಲ ಮೇಲೆ ಕೈ ಹಾಕಿದರು. “ಮಳಿಗಿ ನಿಂದೇ ಅಂತ ತಿಳ್ಕೋ ಬೀರ್ಯಾ” ಎಂದು ಅವನ ಬಲ ಜೇಬಿಗೆ ಒಂದು ಹಾಳೆ ಇಳಿಸಿದರು. “ಕಡೀ ಪುಟ. ನನಗೊಬ್ಬನಿಗೇ ಕೊಟ್ಟಾಳ. ನಾಳೆ ಹತ್ತು ಗಂಟೆಗಿ ಸ್ಟೇಜಿನ ಮ್ಯಾಲ ನೀ ಓದಬೇಕು. ನಾ ಓದಿದ್ರ ಮೀನಿನವರು ಒಪ್ಪಂಗಿಲ್ಲ. ಆ ಹುಡಿಗಿಗಿ ಹೇಳಿಗೀಳೀಯಪಾ ಮತ್ತ!” ಹೇಳಿದವರೇ ಗೊರಕೆ ಹೊಡೆಯತೊಡಗಿದರು.

ಬೀರೇಶ ಎರಡೂ ಹಾಳೆ ಬಿಚ್ಚಿದ. ಒಂದೇ ಕೈಬರಹ, ಒಂದೇ ತಾರೀಖು, ಒಂದೇ ಸಹಿ. ಎಡಗಡೆಯದರಲ್ಲಿ ಗವಿವೀರ ಹೊಳೆಯ ತುಂಬ ಈಜುತ್ತಿದ್ದ. ಬಲಗಡೆಯದರಲ್ಲಿ ದಡದ ಮೇಲೆ ಕಲ್ಲಾಗಿ ನಿಂತಿದ್ದ.

ಹಿಂದಿನ ಸೀಟಿಗೆ ಹೋಗಿ ಆದೆಮ್ಮನಿಗೆ ಫೋನು ಹಚ್ಚಿದ. “ಯವ್ವಾ, ಏನು ಮಾಡಿಬಿಟ್ರಿ! ಎರಡರಾಗ ಯಾವುದು ಖರೆ?”

“ಎರಡೂ ನಾನೇ ಬರ್ದದ್ದಲ್ಲೋ ತಮ್ಮಾ. ಅವರವರ ಮುಖ ನೋಡಿ ಇಲ್ಲ ಅನ್ನಾಕ ಮನಸಾಗಲಿಲ್ಲ. ಮೊದಲೂ ಹಂಗೇ ಆಗಿತ್ತು. ಝೆರಾಕ್ಸ್ ಒಯ್ಯಾಕ ಬಂದವರು ಹೆಂಗ ಕೇಳಿದ್ರು, ಹಂಗ ಬರ್ದುಕೊಟ್ಟೆ.” ಆದೆಮ್ಮ ನಕ್ಕಳು. “ನೀ ಒಬ್ಬನೇ ಏನೂ ಕೇಳಲಿಲ್ಲ ನೋಡು, ಪಾಪ. ಹೇಳು, ನಿನಗ ಗವಿವೀರ ಏನಾಗಬೇಕು? ಬರ್ದಿಡ್ತೀನಿ.”

ಬೀರೇಶ ಮುಂದೆ ಗೊರಕೆ ಹೊಡೆಯುತ್ತಿದ್ದ ಸಾವ್ಕಾರರನ್ನು ನೋಡಿದ. ಮೊಬೈಲಿನಲ್ಲಿ ಭಾಗ್ಯಜ್ಯೋತಿಯ ಸಂದೇಶ ಟಿಣ್ ಎಂದಿತು: ‘ನಾಳೆ ಮುಂದಿನ ಸಾಲಿನಲ್ಲೇ ಕೂಡ್ತೀನಿ.’

“ಮಾಯ ಆಗ್ಲಿ ಯವ್ವಾ,” ಎಂದ ಬೀರೇಶ. “ನಾಳೆ ಹತ್ತು ಗಂಟೆ ಒಳಗ.”